ಒಡಕಿಲ್ಲದ ಮಡಕೆ

ಹೊಳೆ ತಿರುಗಿದ ಇನ್ನೂರಾ ಹನ್ನೊಂದನೆಯ ವರ್ಷ, ಉರಿಯಾಣ ಮಾಸ, ಮೂವತ್ತೇಳನೆಯ ದಿನ. ಏಳುಗುಂಡಿನ ದಂಡೆಯಿಂದ.

ವೈವಿಧ್ಯದ ಬಗ್ಗೆ ಬೇರೆ ಬೇರೆ ಕೋಣೆಗಳಲ್ಲಿ ಕೂತು ಬರೆದು ಒಂದೇ ರಟ್ಟಿನೊಳಗೆ ಹೊಲಿಸಿಕೊಂಡ ಹಿರಿಯರಿಗೆ, ಹುಲಿಗೆಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ನೀವು ಗಾಬರಿಯಾಗಬಾರದು. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳಿದ್ದವಂತೆ. ನಮ್ಮ ಬೇಸಿಗೆ ಆ ಹನ್ನೆರಡರೊಳಗೆ ಹಿಡಿಸದೆ ಹೊರಗೆ ಚೆಲ್ಲಿದ್ದರಿಂದ ಹದಿಮೂರನೆಯದೊಂದನ್ನು ತೇಪೆ ಹಾಕಿದ್ದಾರೆ, ಅದೇ ಉರಿಯಾಣ. ಮೊದಲ ಮೋಡ ಕಾಣುವವರೆಗೆ ಅದು ಮುಗಿಯುವುದಿಲ್ಲ, ಹಾಗಾಗಿ ಮೂವತ್ತೇಳನೆಯ ದಿನವೂ ಇರುತ್ತದೆ, ಐವತ್ತನೆಯದೂ ಇದ್ದೀತು. ನನ್ನ ಮಾತು ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ಮಾತಿನ ಮನೆಯವರು, ಅಂದರೆ ಭಾಷೆಗಳನ್ನು ಓದುವವರು, ನಿಮ್ಮ ಕಾಲದ ಕನ್ನಡ ಹೀಗಿತ್ತು ನೋಡು ಎಂದು ಮೊದಲೇ ಒಂದಿಷ್ಟು ಹೇಳಿಕೊಟ್ಟಿದ್ದಾರೆ. ನೀಟಾಗಿರುವ ಕಡೆ ಅವರದು, ತೊಡರಿರುವ ಕಡೆ ನನ್ನದು. ನಾನು ಶಾಲೆ ಪೂರ್ತಿ ಮಾಡಿದವಳಲ್ಲ. ಒಮ್ಮೆ ಶಾಲೆಯೇ ಗುಡ್ಡದ ಮೇಲಕ್ಕೆ ಹೋಯಿತು, ಒಮ್ಮೆ ಅವ್ವ ಹಾಸಿಗೆ ಹಿಡಿದಳು, ಮತ್ತೆ ಹೋಗುವಷ್ಟರಲ್ಲಿ ಗುರುಗಳೇ ತೀರಿಕೊಂಡರು. ಭಾಗಾಕಾರ ಶುರುವಾಗುವ ಹೊತ್ತಿಗೆ ಬಿಟ್ಟವಳು, ಈಗಲೂ ಏನನ್ನಾದರೂ ಸಮನಾಗಿ ಹಂಚಬೇಕೆಂದರೆ ಎದೆ ಹೊಡೆದುಕೊಳ್ಳುತ್ತದೆ. ಈ ಓಲೆ ನಿಮಗೆ ಮುಟ್ಟುತ್ತದೋ ಇಲ್ಲವೋ ಎಂಬುದು ಒಂದು ಚಿಂತೆ. ಮುಟ್ಟಿದರೆ ನಗುತ್ತೀರೇನೋ ಎಂಬುದು ಇನ್ನೊಂದು. ಆರನೆಯ ಮಣೆಯಿಂದ ಎದ್ದವರು ಹಿಂದಿನವರಿಗೊಂದು ಓಲೆ ಬರೆದು ಹೊಳೆಗೆ ಬಿಡಬೇಕೆಂಬುದು ಇಲ್ಲಿನ ಪದ್ಧತಿ. ಹೊಳೆ ಮುಂದಕ್ಕೆ ಹರಿಯುತ್ತದಲ್ಲ, ಹಿಂದಿನವರಿಗೆ ಹೇಗೆ ಮುಟ್ಟೀತು ಎಂದು ಕೇಳಿದೆ. ಒಮ್ಮೆ ತಿರುಗಿದ ಹೊಳೆ ಇನ್ನೊಮ್ಮೆ ತಿರುಗಲಾರದೇ ಎಂದರು. ಅದನ್ನು ಕೇಳಿ ಸಮಾಧಾನವಾಗುವ ಬದಲು ಆ ದಿನವೆಲ್ಲ ನೀರು ನೋಡುತ್ತಾ ಕೂತೆ.

ಆರನೆಯ ಮಣೆ ಏನೆಂದು ಹೇಳುವ ಮೊದಲು ನಿಮ್ಮ ಪುಸ್ತಕದ ಮಾತು ಹೇಳಬೇಕು, ಏಕೆಂದರೆ ಎಲ್ಲ ಅಲ್ಲಿಂದಲೇ ಹುಟ್ಟಿದ್ದು. ಹೊಳೆ ದಿಕ್ಕು ಬದಲಿಸಿ ಊರುಗಳು ಹೋದ ಮೇಲೆ ಉಳಿದ ಜನ ಏಳುಗುಂಡಿನ ಈ ಬಂಡೆಗಳ ಸಂದಿಗೆ ಬಂದು ಸೇರಿದರು. ಯಾರದೋ ಗಂಟಿನಲ್ಲಿ ಅಡಿಗೆ ಪಾತ್ರೆಯ ಕೆಳಗೆ ಒಂದು ದಪ್ಪ ಪುಸ್ತಕವಿತ್ತು. ಹೆಸರನ್ನು ಗೆದ್ದಲು ತಿಂದಿತ್ತು, ನಿಮ್ಮೆಲ್ಲರ ಹೆಸರುಗಳನ್ನೂ ತಿಂದಿತ್ತು. ಒಳಗಿನದು ಉಳಿದಿತ್ತು. ಒಬ್ಬರು ಮಣ್ಣಿನ ಜೀವಗಳಲ್ಲಿ ಎಷ್ಟು ಬಗೆ ಎಂದು ಬರೆದಿದ್ದರು, ಒಬ್ಬರು ಹುಳಗಳಲ್ಲಿ, ಒಬ್ಬರು ನುಡಿಗಳಲ್ಲಿ, ಒಬ್ಬರು ಕಾಯಿದೆ ಕಟ್ಟಳೆಗಳಲ್ಲಿ, ಒಬ್ಬರು ರಾಗ ತಾಳಗಳಲ್ಲಿ. ಐವರೂ ಒಂದೇ ಮಾತಿನ ಬೆನ್ನು ಹತ್ತಿದ್ದರು, ಆದರೆ ಒಬ್ಬರ ಅಧ್ಯಾಯದಲ್ಲಿ ಇನ್ನೊಬ್ಬರ ಸುಳಿವೇ ಇರಲಿಲ್ಲ. ಒಂದೇ ಛಾವಣಿಯ ಕೆಳಗೆ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ನಮ್ಮ ಹಿರಿಯರು ಅದನ್ನು ಓದಿ ಮೊದಲು ಅತ್ತರಂತೆ, ಇಷ್ಟೆಲ್ಲ ಬಗೆಗಳು ಲೋಕದಲ್ಲಿ ಇದ್ದವೇ ಎಂದು. ಆಮೇಲೆ ಅಧ್ಯಾಯಕ್ಕೊಂದರಂತೆ ಐದು ಮನೆ ಕಟ್ಟಿದರು. ಮಣ್ಣಿನ ಮನೆ, ಹುಳದ ಮನೆ, ಮಾತಿನ ಮನೆ, ಕಟ್ಟಳೆಯ ಮನೆ, ನಾದದ ಮನೆ. ನಿಮ್ಮ ತಪ್ಪನ್ನು ನಾವು ಮಾಡಬಾರದೆಂದು ಪ್ರತಿ ಗೋಡೆಯಲ್ಲೂ ಕಿಟಕಿ ಇಟ್ಟರು. ಒಂದು ಮನೆಯಲ್ಲಿ ಓದುವವರು ಮೂರು ವರ್ಷಕ್ಕೊಮ್ಮೆ ಒಂದು ಕಾಲ ಪಕ್ಕದ ಮನೆಗೆ ಹೋಗಿ ಅಲ್ಲಿನವರ ಕಣ್ಣಿನಿಂದ ನೋಡಬೇಕು. ಇದಕ್ಕೆ ಮನೆಬದಲು ಎನ್ನುತ್ತಾರೆ. ಇರುವೆ ನೋಡುವವರು ಲಾಲಿ ಹಾಡು ಕೇಳುವುದನ್ನು, ಕಟ್ಟಳೆ ಓದಿದವರು ಮಣ್ಣು ಮೂಸುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿದಾಗಲೆಲ್ಲ ನನಗೆ ಗುಡಿಯೊಳಗೆ ಕಾಲಿಟ್ಟ ಹಾಗೆ ಆಗುತ್ತದೆ.

ಇಲ್ಲಿನ ಬದುಕು ದೊಡ್ಡದೇನಲ್ಲ. ಹೊತ್ತು ಏರುವ ಮೊದಲು ಕೆಲಸ, ಏರಿದ ಮೇಲೆ ಬಂಡೆ ಸಂದಿಯಲ್ಲಿ ನಿದ್ದೆ, ಇಳಿದ ಮೇಲೆ ಮತ್ತೆ ಕೆಲಸ. ಗುಡ್ಡದ ನೆತ್ತಿಯ ಮೇಲೆ ಗಾಳಿಕಂಬಗಳಿವೆ. ನನ್ನ ಮಗಳು ಅಲ್ಲಿ ರೆಕ್ಕೆಗಳಿಗೆ ಎಣ್ಣೆ ಹಾಕುತ್ತಾಳೆ, ಹದಿನೈದು ದಿನಕ್ಕೊಮ್ಮೆ ಇಳಿದು ಬರುತ್ತಾಳೆ. ನಾನು ಹೊರಸು, ಅಂದರೆ ಹಗ್ಗದ ಮಂಚ, ನೇಯುತ್ತೇನೆ. ಊಟ ಎಲ್ಲರಿಗೂ ಒಂದೇ ಕಡೆ, ಒಂದೇ ಊಟ. ಅದಕ್ಕೆ ತಿಳಿಯಂಬಲಿ ಎಂದು ಹೆಸರು. ಹಿಂದೊಮ್ಮೆ ಕಲುಷಿತ ನೀರಿನಿಂದ ಮನೆಗೊಬ್ಬರಂತೆ ಸತ್ತ ಮೇಲೆ, ಎಲ್ಲವನ್ನೂ ಕುದಿಸಿ, ಸೋಸಿ, ಮತ್ತೆ ಕುದಿಸಿ ಮಾಡುವ ಅಂಬಲಿ ಅದು. ಅದನ್ನು ಉಂಡು ನಮ್ಮ ಊರು ಉಳಿಯಿತು, ಆದ್ದರಿಂದ ಅದನ್ನು ಬೈಯಲು ನಾಲಗೆ ಏಳುವುದಿಲ್ಲ. ಹೊಳೆಯ ಮೇಲೆ ಇನ್ನೊಂದು ಜನವಿದೆ, ಹರಿಗೋಲಿನವರು. ಅವರು ನಡುಗಡ್ಡೆಗಳಲ್ಲಿರುತ್ತಾರೆ, ಸಿಕ್ಕಿದ್ದನ್ನು ತಿನ್ನುತ್ತಾರೆ: ಮೀನು, ಜೊಂಡಿನ ಗೆಡ್ಡೆ, ಹುಳಿ ಹಿಡಿಸಿದ ಸೊಪ್ಪು, ಹೆಸರಿಲ್ಲದ ಕಾಯಿಗಳು. ನಾವು ಅವರೊಂದಿಗೆ ಹಗ್ಗ, ಜೊಂಡು ಅದಲು ಬದಲು ಮಾಡುತ್ತೇವೆ, ಅವರ ಕೈಯ ನೀರು ಮಾತ್ರ ಕುಡಿಯುವುದಿಲ್ಲ. ನನಗೆ ಜೊಂಡು ತಂದುಕೊಡುವವಳು ಫಕೀರವ್ವ. ನನ್ನದೇ ವಯಸ್ಸು, ನನಗಿಂತ ನೆಟ್ಟಗಿನ ಬೆನ್ನು. ದಂಡೆಗೆ ಬಂದಾಗಲೆಲ್ಲ ಒಂದು ಮಾತು ಚುಚ್ಚಿಯೇ ಹೋಗುತ್ತಾಳೆ.

“ಏನ ಹುಲಿಗೆಮ್ಮ, ಇವತ್ತೂ ಅದ ಬಿಳೇ ನೀರ ಕುಡದ್ಯೇನ? ಹೊಟ್ಟಿ ತೊಳಕೊಂಡು ತೊಳಕೊಂಡು ಒಂದಿನ ಹೊಟ್ಟೀನ ಹರದ ಹೋಕ್ಕೈತಿ ನೋಡ.”

ಆ ಮಾತು ತಮಾಷೆಯಾಗಿ ಉಳಿಯಲಿಲ್ಲ. ಕೆಲವು ವರ್ಷಗಳಿಂದ ನಮ್ಮ ಮಕ್ಕಳಿಗೆ ಹೊಟ್ಟೆಮುನಿಸು ಎಂಬುದು ಶುರುವಾಗಿದೆ. ಮೊದಲು ಊಟ ಸೇರುವುದಿಲ್ಲ, ಆಮೇಲೆ ಉಂಡದ್ದು ನಿಲ್ಲುವುದಿಲ್ಲ, ಆಮೇಲೆ ಮಗು ಒಂದು ಮೂಲೆ ಹಿಡಿದು ಕೂರುತ್ತದೆ. ನನ್ನ ಮೊಮ್ಮಗಳು ದ್ಯಾಮಿಗೆ ಕಳೆದ ಚಳಿಯಲ್ಲಿ ಹತ್ತಿತು. ಹೊರಸಿನ ಹಗ್ಗ ಎಳೆದು ಬಿಗಿಯುವಾಗ ನನ್ನ ಜೊತೆ ಜೋತುಬಿದ್ದು ನಗುತ್ತಿದ್ದ ಹುಡುಗಿ, ಈಗ ಅವಳನ್ನು ಹೊರಸಿನ ಮೇಲೆ ಮಲಗಿಸಿದರೆ ಹಗ್ಗ ಜಗ್ಗುವುದೇ ಇಲ್ಲ. ಈ ಕಾಯಿಲೆ ಹತ್ತಿದ ಮಕ್ಕಳಲ್ಲಿ ಎರಡನೆಯ ಉರಿಯಾಣ ದಾಟಿದವರನ್ನು ನಾವು ಇನ್ನೂ ಕಂಡಿಲ್ಲ.

ಮಣ್ಣಿನ ಮನೆಯ ಹಿರಿಯಳು ಖೈರುನ್ನಿಸಾ. ನಾವೆಲ್ಲ ಖೈರಕ್ಕ ಎನ್ನುತ್ತೇವೆ. ಅವಳು ಒಂದು ದಿನ ನನ್ನನ್ನೂ ಫಕೀರವ್ವನನ್ನೂ ಕರೆದು ಎರಡು ಬೆಳಕುಬಟ್ಟಲು ತೋರಿಸಿದಳು. ಬೆಳಕುಬಟ್ಟಲೆಂದರೆ ಗಾಜಿನ ತಟ್ಟೆ. ಮನುಷ್ಯನ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವಲ್ಲ, ಅವುಗಳ ಚೂರು ತೆಗೆದು ಅದರಲ್ಲಿ ಬಿಟ್ಟರೆ ಒಂದೊಂದು ಬಗೆ ಒಂದೊಂದು ಬಣ್ಣವಾಗಿ ಹೊಳೆಯುತ್ತದೆ. ಮೊದಲನೆಯದು ದ್ಯಾಮಿಯದು. ಮಾಸಿದ ಬಿಳಿ, ನಡುವೆ ಒಂದೆರಡು ಹಳದಿ ಚುಕ್ಕೆ. ಎರಡನೆಯದು ಫಕೀರವ್ವನ ಮೊಮ್ಮಗನದು, ಒಂದು ಸುರುಳಿ ಹಗ್ಗಕ್ಕೆ ಬದಲಾಗಿ ಅವಳು ಕೊಟ್ಟದ್ದು. ಅದನ್ನು ಹೇಗೆ ಹೇಳಲಿ. ಮೊದಲು ನೀಲಿ ಕಂಡಿತು, ನೀಲಿಯೊಳಗಿಂದ ಹಸಿರು ಎದ್ದಿತು, ಹಸಿರು ಸರಿದರೆ ಕೆಳಗೆ ಕೆಂಪು ಕವಲು ಕವಲಾಗಿ ಹರಿಯುತ್ತಿತ್ತು. ಅವುಗಳಿಗೆಲ್ಲ ಹೆಸರಿಡಲು ಮಾತಿನ ಮನೆಯವರ ಹತ್ತಿರ ಪದ ಸಾಲದೆ ಅರ್ಧಕ್ಕೆ ಹಾಗೇ ಬಿಟ್ಟಿದ್ದರು. ಒಂದು ಹಿಡಿ ಹುಡುಗನ ಹೊಟ್ಟೆಯಲ್ಲಿ ಇಷ್ಟು ದೊಡ್ಡ ಊರು. ನಾನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡೆ, ಹಿರಿಯರ ಮುಂದೆ ನಿಂತವಳ ಹಾಗೆ. ಫಕೀರವ್ವ ಬಗ್ಗಿ ನೋಡಿ, “ಇದಕ್ಕೇನ ಇವ ನನ್ನ ಇಡೀ ದಿನಾ ತ್ರಾಸ ಕೊಡೂದು,” ಎಂದಳು. ಅಂದವಳು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಐದೂ ಮನೆಯವರು ಕೆಲಸಕ್ಕೆ ಬಿದ್ದರು. ನಾನು ಆರನೆಯ ಮಣೆಯವಳಾದ್ದರಿಂದ ಎಲ್ಲ ಮನೆಗೂ ಹೋಗಿ ಕೇಳುವುದು ನನ್ನ ಪಾಲಿನ ಕೆಲಸ. ತೀರ್ಪಿಗೆ ಕೂರಲು ಐದು ಮನೆಗೆ ಐದು ಮಣೆ, ಆರನೆಯದು ಯಾವ ಓದನ್ನೂ ಮುಗಿಸದವರಿಗೆ ಮೀಸಲು. ಚೀಟಿ ಎತ್ತಿ ಆರಿಸುತ್ತಾರೆ. ಹುಳದ ಮನೆಯವರು ನಮ್ಮ ಕಣಜದಲ್ಲಿ ಒಂದೇ ಜಾತಿಯ ಇರುವೆ ಉಳಿದಿದೆ ಎಂದು ತೋರಿಸಿದರು. ನಾದದ ಮನೆಯವರು ಊರಿನ ತೊಟ್ಟಿಲುಗಳ ಹತ್ತಿರ ಕೂತು ಬಂದು, ಲಾಲಿಗಳ ಪದ ಬೇರೆ ಬೇರೆಯಾದರೂ ಧಾಟಿ ಒಂದೇ ಆಗಿದೆ ಎಂದರು. ಒಂದರ ಮೇಲೊಂದು ಹಾಡಿಸಿ ಕೇಳಿಸಿದಾಗ ಇಡೀ ಊರಿಗೆ ಒಬ್ಬಳೇ ತಾಯಿ ಇದ್ದ ಹಾಗಿತ್ತು. ಮಾತಿನ ಮನೆಯವರು ಮಕ್ಕಳ ಬಾಯಲ್ಲಿ ಉಳಿದ ರುಚಿಯ ಪದಗಳನ್ನು ಹುಡುಕಿದರೆ ಸಿಕ್ಕಿದ್ದು ಮೂರೇ: ಸಿಹಿ, ಸಪ್ಪೆ, ಬ್ಯಾಡ. ಕಟ್ಟಳೆಯ ಮನೆಯವರು ನಮ್ಮ ಮದುವೆಗಳೂ ಜಗಳಗಳೂ ತೀರ್ಪುಗಳೂ ಅವವೇ ಆಗಿವೆ ಎಂದರು. ಒಂದು ಊರು ಒಳಗಿನಿಂದ ತೆಳುವಾಗುತ್ತಿರುವುದನ್ನು ಐದು ದಾರಿಯಲ್ಲಿ ಹೊರಟ ಐವರು ಮುಟ್ಟಿ ನೋಡಿದ್ದರು. ಕೊನೆಗೆ ಐವರೂ ಹೇಳಿದ ಮದ್ದೂ ಒಂದೇ. ಮುನಿಸು ಹತ್ತಿದ ಮಕ್ಕಳನ್ನು ಹರಿಗೋಲಿನವರ ನಡುಗಡ್ಡೆಗೆ ಕಳಿಸಬೇಕು, ಅವರ ಗಡಿಗೆಯಲ್ಲೇ ಉಣ್ಣಿಸಬೇಕು, ಅವರ ಮಕ್ಕಳ ಜೊತೆ ಮಣ್ಣಲ್ಲಿ ಆಡಿಸಬೇಕು. ಉರಿಯಾಣ ಬಲಿಯುವ ಮೊದಲು.

ನನಗೆ ಆ ರಾತ್ರಿ ಮೊದಲ ಸಲ ಸೊಂಪಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದ ಮೇಲೆ ನೆನಪಾಯಿತು ಮಡಕೆಯ ಮಾತು.

ನಮ್ಮಲ್ಲಿ ಯಾವ ಸಂಶೋಧನೆಯೂ ಮಡಕೆಯ ಮುಂದೆ ಬರದೆ ಬಳಕೆಗೆ ಬರುವುದಿಲ್ಲ. ಚಪ್ಪಟೆ ಬಂಡೆಯ ಮೇಲೆ ಹೊಸ ಮಡಕೆ ಇಡುತ್ತಾರೆ. ಮನೆಮನೆಯವರು ತಾವು ಕಂಡದ್ದನ್ನು ಹೇಳುತ್ತಾರೆ. ಆಮೇಲೆ ಬೇರೆ ಮಾತುಂಟೇ ಎಂದು ಕೇಳುತ್ತಾರೆ. ಮಣೆಯ ಮೇಲಿರುವ ಯಾರಾದರೂ ಮಡಕೆಯ ಮೇಲೆ ಕೈಯಿಟ್ಟು, ಇಲ್ಲ, ನನಗೆ ಇದರಲ್ಲಿ ಇಂಥದೊಂದು ಅನುಮಾನವಿದೆ ಎಂದು ಹೇಳಿ, ಆ ಅನುಮಾನ ಪ್ರಶ್ನೆಗಳಿಗೆ ನಿಂತರೆ, ಕಲ್ಲಿನಿಂದ ಮಡಕೆಯ ಬಾಯಿ ಮುಕ್ಕು ಮಾಡಿ ನೆಟ್ಟಗೆ ಇಡುತ್ತಾರೆ. ಆಗ ಕೆಲಸ ಶುರು, ಆ ಅನುಮಾನವನ್ನು ಜೊತೆಗಿಟ್ಟುಕೊಂಡೇ ಶುರು. ಯಾರೂ ಬೇರೆ ಮಾತಾಡದಿದ್ದರೆ ಮಡಕೆಯನ್ನು ಒಂದು ವರ್ಷ ಬೋರಲು ಹಾಕುತ್ತಾರೆ. ಒಡಕಿಲ್ಲದ ತೀರ್ಪನ್ನು ಮುಟ್ಟಬಾರದು. ಇದು ಹುಚ್ಚಾಟವಲ್ಲ. ಹಿಂದೆ ಒಪ್ಪಿಗೆಯ ವರ್ಷ ಎಂದು ಒಂದಿತ್ತು. ಎಲ್ಲ ಮನೆಯ ಜಾಣರೂ ಒಂದೇ ಒಡ್ಡನ್ನು ಮೆಚ್ಚಿ ತಲೆಯಾಡಿಸಿದರು, ಒಬ್ಬರೂ ಕೆಮ್ಮಲಿಲ್ಲ. ಒಡ್ಡು ಒಡೆದ ಮೇಲೆ ಕೆಮ್ಮಲು ಅರ್ಧ ಜನ ಉಳಿದಿರಲಿಲ್ಲ. ಅಂದಿನಿಂದ ಈ ಪದ್ಧತಿ. ಮಡಕೆಗೆ ಕೈಯಿಟ್ಟು ಸುಳ್ಳು ಅನುಮಾನ ಹೇಳಿದರೆ ಆ ಸಂಶೋಧನೆಯೇ ಸತ್ತಂತೆ, ಮತ್ತೆ ಎತ್ತುವ ಹಾಗಿಲ್ಲ.

ಮಡಕೆಯ ದಿನ ಬಿಸಿಲು ಇಳಿದ ಮೇಲೆ ಬಂಡೆಯ ಮೇಲೆ ಸೇರಿದೆವು. ದ್ಯಾಮಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಮಣೆಯ ಮೇಲೆ ಕೂತಿದ್ದೆ. ಫಕೀರವ್ವ ಜೊಂಡಿನ ಹೊರೆ ಇಳಿಸಿ, ಕಾಸಿಲ್ಲದೆ ಸಿಗುವ ಮೋಜು ಯಾಕೆ ಬಿಡಲಿ ಎಂದು ಬಂಡೆಯ ಅಂಚಿಗೆ ಕೂತು ಒಣಮೀನು ಮೆಲ್ಲುತ್ತಿದ್ದಳು. ಕಟ್ಟಳೆಯ ಮನೆಯ ಪಂಪಣ್ಣ ಮಡಕೆ ಕಾಯುವವರು. ಬಹಳ ಮುದುಕರು, ನಗದೆ ನಗಿಸುವವರು. ಐವರೂ ಹೇಳಿ ಮುಗಿಸಿದ ಮೇಲೆ ಪಂಪಣ್ಣ ಎದ್ದು ಬೇರೆ ಮಾತುಂಟೇ ಎಂದು ಕೇಳಿದರು. ಹುಳದ ಮನೆಯವರು ನಾದದ ಮನೆಯವರ ಮುಖ ನೋಡಿದರು. ನಾದದವರು ಮಾತಿನವರ ಮುಖ ನೋಡಿದರು. ಬೇರೆ ಮಾತು ಯಾರ ಹತ್ತಿರವೂ ಇರಲಿಲ್ಲ. ಅಷ್ಟು ವರ್ಷ ಒಬ್ಬರ ಮನೆಯಲ್ಲಿ ಒಬ್ಬರು ಇದ್ದು, ಒಬ್ಬರ ಕಣ್ಣು ಒಬ್ಬರು ಕಲಿತು, ಈಗ ಐವರೂ ನೋಡುವುದು ಒಂದೇ ತರಹ ಆಗಿಬಿಟ್ಟಿತ್ತು.

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಭರವಸೆ ಇತ್ತು, ಅದಕ್ಕೆ ಕಾರಣವೂ ಇತ್ತು. ಏಳುಗುಂಡಿನಲ್ಲಿ ಚಿಂತೆ ಸಾಲ ಬೇಕಾದವರು ನನ್ನ ಹತ್ತಿರ ಬರುತ್ತಾರೆಂದು ಗಾದೆ ಮಾಡಿದ್ದಾರೆ.

“ಹುಲಿಗೆಮ್ಮ, ಮೋಡ ಬಂದ್ರೂ ಹೆದರಾಕಿ, ಬರದಿದ್ರೂ ಹೆದರಾಕಿ ನೀ,” ಎಂದರು ಪಂಪಣ್ಣ. “ಒಂದರೆ ಇದ್ದೀತ ನೋಡವ್ವ. ಸಾವಕಾಶ ಹುಡುಕು.”

ನಾನು ಹುಡುಕಿದೆ. ದೇವರಾಣೆಗೂ ಹುಡುಕಿದೆ. ಹರಿಗೋಲು ಮಗುಚಿದರೆ ಎಂದು ಯೋಚಿಸಿದೆ. ಇಲ್ಲ, ಅವರದು ಮಗುಚುವುದಿಲ್ಲ, ನನಗೇ ಗೊತ್ತು. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದರೆ? ಅದು ಅನುಮಾನವಲ್ಲ, ನೆಪ. ಹುಟ್ಟಿದಾಗಿನಿಂದ ನನ್ನ ಎದೆಯೊಳಗೆ ಗುಂಯ್ ಎನ್ನುತ್ತಿದ್ದ ಆ ಸದ್ದು ನಿಂತುಹೋಗಿತ್ತು. ಅಷ್ಟು ಬೇಕಾಗಿತ್ತು ನನಗೆ ಆ ಮದ್ದು. ಒಳಗೆಲ್ಲ ಕೈಯಾಡಿಸಿದರೂ ಒಂದು ಹಿಡಿ ಚಿಂತೆ ಸಿಗಲಿಲ್ಲ. ನಿಜವಾದ ಭಯ ಎಂದರೆ ಏನೆಂದು ನಾನು ಕಂಡದ್ದು ಆಗಲೇ. ಮಡಿಲಲ್ಲಿ ದ್ಯಾಮಿ ನಿದ್ದೆಯಲ್ಲಿ ಒಮ್ಮೆ ಹಲ್ಲು ಕಡಿದಳು. ಸುಳ್ಳು ಹೇಳಲು ಬಾಯಿ ತೆರೆದೆ, ಸುಳ್ಳಿಗೆ ಎಲ್ಲ ಮಕ್ಕಳ ದಾರಿ ಮುಚ್ಚಿಹೋಗುತ್ತದೆಂದು ಮುಚ್ಚಿದೆ.

“ನನ್ನ ಹಂತ್ಯಾಕ ಏನೂ ಇಲ್ಲ ಯಣ್ಣ,” ಎಂದೆ.

ಪಂಪಣ್ಣ ಮಡಕೆಯ ಹತ್ತಿರ ಹೋದರು. ಬೇರೆ ದಾರಿ ಅವರಿಗೂ ಇರಲಿಲ್ಲ. ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿದರು, ಬೋರಲು ಹಾಕಲು ತಿರುಗಿಸಿದರು. ಆಗ ಬಂಡೆಯ ಅಂಚಿನಿಂದ ನಗು ಕೇಳಿತು.

“ಎಲಾ ಇವ್ರ,” ಎಂದಳು ಫಕೀರವ್ವ, ಮೀನಿನ ಮುಳ್ಳು ಉಗುಳಿ. “ನಮ್ಮ ಗಡಿಗ್ಯಾಗ ಏನೈತಿ ಅಂತ ಐದು ಮನಿಯವ್ರು ಐದು ತರಾ ಹೇಳಿದ್ರಿ. ಛಲೋ ಹೇಳಿದ್ರಿ, ನನಗ ಗೊತ್ತ ಇರಲಿಲ್ಲ. ಗಡಿಗಿ ಯಾರದು ಅಂತ ಒಬ್ರರ ಕೇಳಿದ್ರ್ಯಾ?”

ಅವಳು ಸೀರೆ ಕೊಡವಿಕೊಂಡು ಎದ್ದಳು. “ನಿಮ್ಮ ಹುಡುಗ್ರು ನಮ್ಮಲ್ಲಿಂದ ಏನ ತರ್ತಾರ ಅನ್ನೂದು ಅಷ್ಟ ನಿಮಗ ಕಾಣತೈತಿ. ನಮ್ಮಲ್ಲಿಗೆ ಬರೂವಾಗ ಏನ ತರ್ತಾರ? ನಿಮ್ಮ ಆ ಮುನಿಸು ನಮ್ಮ ಹುಡುಗ್ರಿಗೆ ಹತ್ತಿದ್ರ ನಾವು ಯಾರ ಗಡಿಗಿಗೆ ಹೋಗೂಣು? ನಮಗ ಇನ್ನೊಂದು ಹೊಳಿ ಐತೇನ?”

ಪಂಪಣ್ಣ ಮಡಕೆಯನ್ನು ಎದೆಗೆ ಅವುಚಿಕೊಂಡು ನಿಂತರು. “ಮಣಿ ಮ್ಯಾಲ ಇದ್ದೋರು ಮಾತ್ರ ಹೇಳಬೇಕವ್ವ,” ಎಂದರು. ಅವರ ದನಿಯಲ್ಲಿ ಬೇಡಿಕೆ ಇತ್ತು, ಯಾರಾದರೂ ಇದಕ್ಕೊಂದು ದಾರಿ ತೋರಿಸಲಿ ಎಂಬಂತೆ. ನನ್ನ ಕಾಲು ನನಗಿಂತ ಮೊದಲು ಎದ್ದಿತು. ದ್ಯಾಮಿಯನ್ನು ಹೆಗಲಿಗೆ ಹಾಕಿಕೊಂಡು ಮಣೆಯಿಂದ ಇಳಿದೆ. ಬಾ, ಕೂಡು ಎಂದೆ.

“ಆ ಮಣಿ ಸಾಲಿ ಮುಗಸದವ್ರಿಗೆ,” ಎಂದರು ಪಂಪಣ್ಣ.

“ನಾ ಸಾಲಿ ಶುರುನ ಮಾಡಿಲ್ಲ. ಶುರು ಮಾಡದ್ದು ಮುಗಿತೈತೇನ?”

ಪಂಪಣ್ಣ ಒಪ್ಪಿ ತಲೆಯಾಡಿಸಿದರು, ಫಕೀರವ್ವ ಮಣೆಯ ಮೇಲೆ ಕೂತಳು. ಆಮೇಲೆ ಪ್ರಶ್ನೆಗಳು. ಅನುಮಾನ ನಿಲ್ಲುತ್ತದೋ ಇಲ್ಲವೋ ಎಂದು ನೋಡುವ ಕೆಲಸ ಅವರದು, ಅವರು ಅದರಲ್ಲಿ ತಮ್ಮ ತಾಯಿಗೂ ರಿಯಾಯಿತಿ ಕೊಡುವವರಲ್ಲ. “ಇದು ಖರೇ ಹೆದರಿಕ್ಯೋ, ಇಲ್ಲಾ ವ್ಯಾಪಾರೋ?” ಎಂದರು.

“ಎರಡೂ,” ಎಂದಳು ಫಕೀರವ್ವ, ಮಡಕೆಯ ಮೇಲೆ ಕೈಯಿಟ್ಟು. ಮೀನಿನ ಎಣ್ಣೆಯ ಐದು ಬೆರಳು ಹೊಸ ಮಣ್ಣಿನ ಮೇಲೆ ಮೂಡಿದವು. “ಹೆದರಿಕಿ ಇಲ್ಲದ ವ್ಯಾಪಾರ ಯಾವನ ಮಾಡ್ಯಾನ?”

ಖೈರಕ್ಕ ಅಷ್ಟೂ ಹೊತ್ತು ತನ್ನ ಬೆಳಕುಬಟ್ಟಲನ್ನು ನೋಡುತ್ತಿದ್ದವಳು ತಲೆ ಎತ್ತಿದಳು. ಅವಳು ನಾಚಿರಲಿಲ್ಲ, ಅವಳ ಮುಖ ಬೆಳಗುತ್ತಿತ್ತು. “ಊರಿನ ಹುಡುಗ್ರ ಬಟ್ಟಲ ನೋಡಿದ್ವಿ,” ಎಂದಳು ಮೆಲ್ಲಗೆ. “ನಮ್ಮ ಐದು ಮನಿ ಬಟ್ಟಲ ನೋಡಿದ್ದಿಲ್ಲ. ಅದೂ ಬೆಳ್ಳಗ ಆಗೇತಿ.” ಆಮೇಲೆ ತಮ್ಮ ತಮ್ಮಲ್ಲೇ ಮಾತಿಗೆ ಬಿದ್ದರು, ಐವರೂ ಒಟ್ಟಿಗೆ, ಎಷ್ಟೋ ವರ್ಷದ ಮೇಲೆ ಒಬ್ಬರ ಮಾತು ಒಬ್ಬರು ಕಡಿಯುತ್ತಾ. ಹೊರಗಿನಿಂದ ಒಳಕ್ಕೆ ಬರುವುದನ್ನು ಅಳೆದಿದ್ದೇವೆ, ಒಳಗಿನಿಂದ ಹೊರಕ್ಕೆ ಹೋಗುವುದನ್ನು ಹೇಗೆ ಅಳೆಯುವುದು, ಯಾರು ಅಳೆಯಬೇಕು. ಓದಿದವರು ತಮಗೆ ಗೊತ್ತಿಲ್ಲದ್ದನ್ನು ಕಂಡು ಹಾಗೆ ಹಿಗ್ಗುವುದನ್ನು ನಾನು ನೋಡಿರಲಿಲ್ಲ. ಹಬ್ಬದ ದಿನ ಮಕ್ಕಳಿಗೆ ಹೊಸ ಆಟ ಸಿಕ್ಕಂತಿತ್ತು. ನಾನು ದ್ಯಾಮಿಯನ್ನು ಎತ್ತಿಕೊಂಡು ಬಂಡೆಯ ಕೆಳಗೆ ನಿಂತು, ಕೈ ಮುಗಿಯಲು ಕೈ ಖಾಲಿ ಇಲ್ಲದೆ, ಸುಮ್ಮನೆ ನೋಡಿದೆ.

ಪಂಪಣ್ಣ ಕಲ್ಲು ತೆಗೆದುಕೊಂಡು ಮಡಕೆಯ ಬಾಯಿಗೆ ಒಂದೇ ಏಟು ಹಾಕಿದರು. ಚೂರು ಹಾರಿ ಫಕೀರವ್ವನ ಮಡಿಲಿಗೆ ಬಿತ್ತು. ಅದನ್ನು ಅವಳು ಸೆರಗಿಗೆ ಕಟ್ಟಿಕೊಂಡಳು.

ಅವಳು ಹಾಕಿದ ಕರಾರು ಹೀಗಿತ್ತು. ನಡುಗಡ್ಡೆಯ ಹಿರಿಯರು ಕೂತು ಒಪ್ಪಬೇಕು. ಮೊದಲು ಎಲ್ಲ ಮಕ್ಕಳೂ ಅಲ್ಲ, ಬೆರಳೆಣಿಕೆಯಷ್ಟು ಮಾತ್ರ. ಬೆಳಕುಬಟ್ಟಲು ನೋಡುವ ವಿದ್ಯೆಯನ್ನು ಖೈರಕ್ಕ ಹರಿಗೋಲಿನ ಹೆಣ್ಣುಮಕ್ಕಳಿಗೆ ಕಲಿಸಬೇಕು. ತಮ್ಮ ಮಕ್ಕಳ ಬಟ್ಟಲು ಮಾಸುತ್ತಿದೆಯೋ ಇಲ್ಲವೋ ಎಂದು ಅವರೇ ನೋಡಿ ಹೇಳಬೇಕು. ಮಾಸಿದ ದಿನ ನಮ್ಮ ಮಕ್ಕಳು ವಾಪಸು. ದೊಡ್ಡವರು ಯಾರೂ ಬರುವ ಹಾಗಿಲ್ಲ, ಅರವತ್ತು ವರ್ಷ ತಿಳಿಯಂಬಲಿ ಕುಡಿದ ಹೊಟ್ಟೆಯನ್ನು ಅವರು ನಂಬುವುದಿಲ್ಲ. ಅದು ನನಗಾಗಿಯೇ ಹೇಳಿದ್ದು. ಹಿರಿಯರು ಒಪ್ಪಲು ಒಂದು ವಾರ ತೆಗೆದುಕೊಂಡರು. ಒಪ್ಪಿದರು. ಯಾರು ಮೊದಲು ಎಂದು ಇಲ್ಲಿ ಜಗಳ ಏಳುವುದರಲ್ಲಿತ್ತು; ಫಕೀರವ್ವ ತಾನೇ ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ಎತ್ತಿ ತೂಗಿ, ಹಗುರವಾದವರನ್ನು ಹರಿಗೋಲಿಗೆ ಇಳಿಸಿದಳು. ದ್ಯಾಮಿಯನ್ನು ಎತ್ತಿದವಳು ಮತ್ತೆ ಕೆಳಗಿಡಲೇ ಇಲ್ಲ.

ಅದು ಇವತ್ತು ಮುಂಜಾನೆ. ಹರಿಗೋಲು ನೀರಿಗೆ ಬಿದ್ದಾಗ ದ್ಯಾಮಿ ಅಳಲಿಲ್ಲ, ನನ್ನನ್ನು ನೋಡಲೂ ಇಲ್ಲ. ಫಕೀರವ್ವನ ಮೊಮ್ಮಗ ಅವಳ ಕೈಗೆ ಏನೋ ಕಾಯಿ ಕೊಟ್ಟ. ಅದನ್ನು ಮೂಸಿ ಮುಖ ಕಿವುಚಿದಳು. ಫಕೀರವ್ವ ಹೇಳಿ ಹೋಗಿದ್ದಾಳೆ: ಹೊತ್ತು ಮುಳುಗುವ ಮೊದಲು ಹುಡುಗಿ ಒಂದು ತುತ್ತು ಉಂಡು ಅದು ನಿಂತರೆ ಹರಿಗೋಲನ್ನು ನಡುಗಡ್ಡೆಯ ಮರಳಿನ ಮೇಲೆ ಬೋರಲು ಹಾಕುತ್ತೇನೆ, ನಿಲ್ಲದಿದ್ದರೆ ನೀರಲ್ಲೇ ಬಿಟ್ಟಿರುತ್ತೇನೆ, ನಾಳೆ ಕರೆತರಲು. ನಾನು ಮಡಕೆ ಬೋರಲು ಬೀಳುತ್ತದೆಂದು ಸತ್ತುಹೋಗುವಷ್ಟು ಹೆದರಿದವಳು, ಈಗ ಹರಿಗೋಲು ಬೋರಲು ಬೀಳಲೆಂದು ದಂಡೆಯ ಮೇಲೆ ಕೂತು, ಕಾಯುವ ಹೊತ್ತಿನಲ್ಲಿ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮನ್ನು ಒಂದು ಮಾತು ಕೇಳಬೇಕು. ನೀವು ಆ ಅಧ್ಯಾಯಗಳನ್ನು ಬರೆಯುತ್ತಿದ್ದಾಗ ನಿಮ್ಮ ಲೋಕ ಇನ್ನೂ ದಟ್ಟವಾಗಿತ್ತು, ಫಕೀರವ್ವನ ಮೊಮ್ಮಗನ ಬಟ್ಟಲಿನ ಹಾಗೆ. ನಿಮ್ಮ ಪುಟಗಳಲ್ಲಿ ಬರುವ ಹೆಸರುಗಳನ್ನು, ಹುಳಗಳದ್ದು, ನುಡಿಗಳದ್ದು, ಯಾವ್ಯಾವುದೋ ಊರಿನ ವಾದ್ಯಗಳದ್ದು, ನಮ್ಮ ಮಕ್ಕಳು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ. ಹೆಸರಿನ ಹಿಂದೆ ಏನಿತ್ತೆಂದು ನಮಗೆ ಗೊತ್ತಿಲ್ಲ, ನಿಮಗೆ ಗೊತ್ತಿತ್ತು. ನೀವು ಅದನ್ನು ನೋಡಿದಿರಿ. ಆದರೆ ನೀವು ಬರೆದವರೆಲ್ಲ ಮಣೆಯ ಮೇಲೆ ಕೂತವರು. ಪಕ್ಕದ ಕೋಣೆಯ ಬಾಗಿಲು ತಟ್ಟಲಿಲ್ಲವೆಂದು ನಮ್ಮ ಹಿರಿಯರು ನಿಮ್ಮನ್ನು ದೂರಿದರು. ಬಾಗಿಲು ತಟ್ಟಿ ತಟ್ಟಿ ನಾವು ಎಲ್ಲ ಕೋಣೆಗಳನ್ನೂ ಒಂದೇ ಮಾಡಿಕೊಂಡೆವು, ಅಂಗಳದಲ್ಲಿ ಕೂತವರನ್ನು ಒಳಗೆ ಕರೆಯಲಿಲ್ಲ. ಆದ್ದರಿಂದ, ತಡವಾಗಿಲ್ಲದಿದ್ದರೆ, ಪುಸ್ತಕ ಹೊಲಿಸುವ ಮೊದಲು ಒಂದು ಮಣೆ ಖಾಲಿ ಬಿಡಿ. ನೀವು ಯಾರ ಬಗ್ಗೆ ಬರೆದಿರೋ ಅವರಲ್ಲಿ ಒಬ್ಬರು ಬಂದು ಕೂರಲಿ. ಅವರು ನಕ್ಕರೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಎಲ್ಲರೂ ತಲೆಯಾಡಿಸಿದ ದಿನ ಸ್ವಲ್ಪ ಹೆದರಿ.

ಇನ್ನೂ ಬರೆಯಬೇಕೆಂದಿದ್ದೆ, ಬೆಳಕು ಸಾಲದು. ಹೊಳೆಯ ಮೇಲೆ ಹೊಗೆ ಹರಡಿದೆ, ಅಡಿಗೆ ಹೊಗೆ, ಏನೋ ಹುಳಿ ವಾಸನೆ. ಮರಳಿನ ಮೇಲೆ ಕಪ್ಪಗೆ ಒಂದು ದುಂಡನೆಯದು ಬೋರಲು ಬಿದ್ದಿದೆ. ಹರಿಗೋಲೇ. ಪಕ್ಕದಲ್ಲಿ ಎರಡು ಚಿಕ್ಕ ಆಕಾರಗಳು ಓಡುತ್ತಿವೆ, ಅಲ್ಲ, ಒಂದು ಓಡುತ್ತದೆ, ಇನ್ನೊಂದು ಅದರ ಹಿಂದೆ ನಿಧಾನವಾಗಿ ನಡೆಯುತ್ತದೆ. ಹಿಂದಿನದು ದ್ಯಾಮಿ ಇರಬೇಕು. ಆದರೆ ಅದು ಫಕೀರವ್ವನದೇ ಹರಿಗೋಲೋ, ಬೇರೆಯವರದೋ. ಉಂಡದ್ದು ಒಂದೇ ತುತ್ತೋ, ಆಸೆಗೆ ಬಿದ್ದು ಜಾಸ್ತಿ ಉಂಡಳೋ. ಮೀನಿನ ಮುಳ್ಳು ತೆಗೆದು ಕೊಟ್ಟರೋ ಇಲ್ಲವೋ. ನಾಳೆ ಆ ಹುಡುಗನ ಬಟ್ಟಲಿನ ನೀಲಿ ಅಷ್ಟೇ ನೀಲಿಯಾಗಿರುತ್ತದೆಯೋ. ಎದೆಯೊಳಗೆ ಗುಂಯ್ ಎನ್ನುವ ಸದ್ದು ಮತ್ತೆ ಶುರುವಾಗಿದೆ, ಮೊದಲಿಗಿಂತ ಜೋರಾಗಿ. ಇಷ್ಟು ದಿನ ಎಲ್ಲಿ ಹೋಗಿತ್ತೋ. ಬಂತಲ್ಲ, ಸಾಕು.

ನೀವು ಸುಖವಾಗಿರಿ. ಓಲೆಯನ್ನು ಈಗ ನೀರಿಗೆ ಬಿಡುತ್ತೇನೆ, ಹೊಳೆ ಯಾವ ಕಡೆ ಹರಿಯುತ್ತದೆಂದು ಇನ್ನೊಮ್ಮೆ ನೋಡಿಕೊಂಡು.

ಹುಲಿಗೆಮ್ಮ, ಹೊರಸು ನೇಯುವವಳು